ಹೊಸ ಸ್ಟಾಕ್ ಹಾಕಿದ ಮೇಲೆ ಗುಂಡು ಯಾಕೆ ಚದುರುತ್ತದೆ?

ಮರಗೆಲಸದ ಈ ಅಂಕಣಕ್ಕೆ ಸಾಮಾನ್ಯವಾಗಿ ಬಾಗಿಲು, ಮಂಚ, ಪಾಲಿಶ್ ಬಗ್ಗೆ ಪ್ರಶ್ನೆ ಬರುತ್ತವೆ. ಈ ಸಲ ಐದು ಪತ್ರ ಕೋವಿಯ ಮರದ ಬಗ್ಗೆಯೇ, ಅಂದರೆ ಕಬ್ಬಿಣದ ಭಾಗ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಸ್ಟಾಕ್ ಬಗ್ಗೆಯೇ ಇವೆ. ನನಗೆ ತುಂಬಾ ಖುಷಿಯಾಯಿತು. ನಾನು ಸಕಲೇಶಪುರದ ಕಡೆಯ ಮರಗೆಲಸದ ಮನೆಯವನು, ಇಪ್ಪತ್ತು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಇಲ್ಲಿ ಜಿಂಕೆ ಬೇಟೆಗೆ ಕಾನೂನು ಅವಕಾಶ ಕೊಟ್ಟಿದೆ, ಅದಕ್ಕೊಂದು ಸೀಸನ್ ಇದೆ. ಹಾಗಾಗಿ ರೈಫಲ್ ಸ್ಟಾಕ್ ಕೂರಿಸುವ ಕೆಲಸ ನನ್ನ ಕೈಗೆ ಜಾಸ್ತಿ ಬರುತ್ತದೆ. ಮೊದಲ ಪತ್ರಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಉಳಿದವು ಬೇಗ ಮುಗಿಯುತ್ತವೆ.

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ರೆಮಿಂಗ್ಟನ್ 700, ಕ್ಯಾಲಿಬರ್ .30-06. ಕಂಪನಿಯ ಪ್ಲಾಸ್ಟಿಕ್ ಸ್ಟಾಕ್ ತೆಗೆದು ಲ್ಯಾಮಿನೇಟ್ ಮರದ್ದು (ತೆಳು ಪದರಗಳನ್ನು ಅಂಟಿಸಿ ಮಾಡಿದ್ದು) ತರಿಸಿ ನಾನೇ ಹಾಕಿದೆ. ನೋಡಲು ಬಹಳ ಚೆನ್ನಾಗಿದೆ. ಆದರೆ ಮೊದಲು 100 ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತಿದ್ದವು, ಈಗ ನಾಲ್ಕು ಇಂಚು ಚದುರುತ್ತಿವೆ. ಬ್ಯಾರೆಲ್ ಬಿಸಿಯಾದ ಹಾಗೆ ಗುಂಡು ಎಡಕ್ಕೆ ಹೋಗುತ್ತದೆ. ಸ್ಟಾಕೇ ಕೆಟ್ಟದಾ? ನವೆಂಬರ್ 15ಕ್ಕೆ ಸೀಸನ್ ಶುರು. (ಮಿಶಿಗನ್‌ನಿಂದ ಒಬ್ಬ ಓದುಗರು)

ಸ್ಟಾಕ್ ಕೆಟ್ಟದಲ್ಲ. ಕೂತಿಲ್ಲ, ಅಷ್ಟೇ. ಡಬ್ಬಿಯ ಮೇಲೆ ನೇರವಾಗಿ ಕೂರುತ್ತದೆ ಎಂದು ಬರೆದಿರುತ್ತಾರೆ. ಸ್ಕ್ರೂ ಹಾಕುವಷ್ಟು ಮಟ್ಟಿಗೆ ಅದು ನಿಜ. ಆದರೆ ಕಬ್ಬಿಣ ಮರದ ಮೇಲೆ ಎಲ್ಲಿ ತಾಗಬೇಕು, ಎಲ್ಲಿ ತಾಗಲೇಬಾರದು ಅನ್ನುವುದು ಬೇರೆ ವಿಷಯ. ನಮ್ಮೂರಲ್ಲಿ ಬಾಗಿಲಿಗೆ ದಾರಂದ ಕೂರಿಸುವಾಗ ಒಂದು ಎಳೆ ಉಬ್ಬಿದರೂ ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುತ್ತದಲ್ವಾ, ಇದೂ ಹಾಗೇ.

ಮೊದಲು ಮ್ಯಾಗಜಿನ್ ಖಾಲಿ ಮಾಡಿ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಕಬ್ಬಿಣದ ದಂಡ) ಹೊರಗೆ ತೆಗೆದು ಪಕ್ಕಕ್ಕಿಡಿ, ಚೇಂಬರ್ (ತೋಟಾ ಕೂರುವ ಗೂಡು) ಒಳಗೆ ಕಣ್ಣಿಟ್ಟು ನೋಡಿ, ಬೆರಳು ಹಾಕಿಯೂ ನೋಡಿ. ಕೆಲಸ ಮಾಡುವ ಕೋಣೆಯಲ್ಲಿ ಒಂದೇ ಒಂದು ತೋಟಾ ಕೂಡ ಇರಬಾರದು. ಇದನ್ನು ಪ್ರತಿ ಸಲ ಮಾಡಿ, ಐದು ನಿಮಿಷ ಮುಂಚೆ ನೋಡಿದ್ದರೂ ಮಾಡಿ.

ಈಗ ಒಂದು ಡಾಲರ್ ನೋಟು ತೆಗೆದುಕೊಳ್ಳಿ. ಬ್ಯಾರೆಲ್ಲಿಗೂ ಮರಕ್ಕೂ ಮಧ್ಯೆ ಅದನ್ನು ತೂರಿಸಿ, ತುದಿಯಿಂದ ಹಿಂದಕ್ಕೆ, ರಿಸೀವರ್ (ಬ್ಯಾರೆಲ್ ಹಿಂದಿನ, ಬೋಲ್ಟ್ ಓಡುವ ಕಬ್ಬಿಣದ ಮೈ) ಕಡೆಗೆ ಎಳೆಯುತ್ತಾ ಬನ್ನಿ. ಎಲ್ಲಿ ನಿಲ್ಲುತ್ತದೆ? ನಿಮ್ಮ ಪತ್ರ ನೋಡಿದರೆ ಬಲಗಡೆ ಎಲ್ಲೋ ಹಿಡಿದುಕೊಳ್ಳುತ್ತದೆ ಅನ್ನಿಸುತ್ತದೆ. ಬಿಸಿಯಾದ ಬ್ಯಾರೆಲ್ ಮರವನ್ನು ಒತ್ತುತ್ತದೆ, ಮರ ವಾಪಸ್ ತಳ್ಳುತ್ತದೆ, ಗುಂಡು ಇನ್ನೊಂದು ಕಡೆಗೆ ಹೋಗುತ್ತದೆ. ಒಂದು ದಪ್ಪ ಕೋಲಿಗೆ ಉಪ್ಪುಕಾಗದ ಸುತ್ತಿ ಆ ಜಾಗವನ್ನು ಮೆಲ್ಲಗೆ ಉಜ್ಜಿ. ನೋಟನ್ನು ಎರಡು ಮಡಿಕೆ ಮಾಡಿದರೂ ಸಲೀಸಾಗಿ ಓಡುವಷ್ಟು ಸಂದು ಬಂದರೆ ಸಾಕು. ಹಾಗಂತ ಬೆರಳು ಹೋಗುವಷ್ಟು ಅಗಲ ಮಾಡಬೇಡಿ, ಎಲೆ ಕಡ್ಡಿ ತುಂಬಿಕೊಳ್ಳುತ್ತದೆ.

ಎರಡನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ರೈಫಲ್ ನೆಟ್ಟಗೆ ನಿಲ್ಲಿಸಿ. ಎಡಗೈ ತೋರುಬೆರಳನ್ನು ಬ್ಯಾರೆಲ್ ಮತ್ತು ಸ್ಟಾಕಿನ ಮುಂದಿನ ತುದಿ ಎರಡಕ್ಕೂ ತಾಗುವ ಹಾಗೆ ಇಡಿ. ಬಲಗೈಯಲ್ಲಿ ಮುಂದಿನ ಆಕ್ಷನ್ ಸ್ಕ್ರೂ, ಅಂದರೆ ಆಕ್ಷನ್ನನ್ನು (ರಿಸೀವರ್ ಮತ್ತು ಅದರೊಳಗಿನ ಯಂತ್ರ) ಮರಕ್ಕೆ ಹಿಡಿದಿಡುವ ಸ್ಕ್ರೂ, ನಿಧಾನವಾಗಿ ಸಡಿಲಿಸಿ. ಬ್ಯಾರೆಲ್ ಮರದಿಂದ ಮೇಲಕ್ಕೆ ಎದ್ದ ಹಾಗೆ ಬೆರಳಿಗೆ ತಿಳಿದರೆ ಆಕ್ಷನ್ ಸಪಾಟಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಹಿಡಿದಿದೆ ಅಂತ ಅರ್ಥ. ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಇಂಚಿನ ಸಾವಿರದಲ್ಲಿ ಎರಡು ಮೂರು ಭಾಗಕ್ಕಿಂತ ಜಾಸ್ತಿ ಮುಳ್ಳು ಓಡಬಾರದು. ಗೇಜ್ ಇಲ್ಲದಿದ್ದರೂ ಬೆರಳು ಸುಳ್ಳು ಹೇಳುವುದಿಲ್ಲ.

ಎಲ್ಲಿ ತಾಗುತ್ತಿದೆ ಅಂತ ತಿಳಿಯಲು ಅಂಗಡಿಯಲ್ಲಿ ಕಪ್ಪು ಬಣ್ಣ ಸಿಗುತ್ತದೆ. ನಾನು ಈಗಲೂ ದೀಪದ ಮಸಿಯನ್ನೇ ಬಳಸುತ್ತೇನೆ, ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದರಲ್ಲ, ಅದೇ ಥರ ಸ್ವಲ್ಪ ಎಣ್ಣೆ ಸೇರಿಸಿ. ಆಕ್ಷನ್ನಿನ ತಳಕ್ಕೆ ತೆಳ್ಳಗೆ ಸವರಿ, ಸ್ಟಾಕಿನಲ್ಲಿಟ್ಟು ಸ್ಕ್ರೂ ಬಿಗಿದು ಬಿಚ್ಚಿ. ಮರದ ಮೇಲೆ ಮಸಿ ಅಂಟಿದ ಜಾಗವೇ ಎತ್ತರದ ಜಾಗ. ಉಳಿಯನ್ನು ಚೆನ್ನಾಗಿ ಮಸೆದು, ಕೆತ್ತದೆ, ಬರೀ ಕೆರೆಯಿರಿ. ಮತ್ತೆ ಸವರಿ, ಮತ್ತೆ ಇಡಿ, ಮತ್ತೆ ಕೆರೆಯಿರಿ. ಹತ್ತು ಹದಿನೈದು ಸಲ ಆಗಬಹುದು. ಬೇಜಾರಾಗುತ್ತದೆ, ಆದರೂ ಬಿಡಬೇಡಿ. ತೆಗೆದ ಮರ ವಾಪಸ್ ಬರುವುದಿಲ್ಲ.

ಇನ್ನು ಮುಖ್ಯವಾದದ್ದು ರಿಕಾಯಿಲ್ ಲಗ್. ಬ್ಯಾರೆಲ್ಲೂ ರಿಸೀವರ್ರೂ ಸೇರುವ ಕಡೆ ಕೆಳಕ್ಕೆ ಇಳಿದಿರುವ ಗಟ್ಟಿ ಪಟ್ಟಿ ಅದು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವ ಬಲವನ್ನೆಲ್ಲ ಅದೇ ಮರಕ್ಕೆ ದಾಟಿಸುವುದು. ಲಗ್‌ನ ಹಿಂದಿನ ಮುಖ ಮರಕ್ಕೆ ಪೂರ್ತಿಯಾಗಿ ತಾಗಿರಬೇಕು. ಮುಂದೆ, ಎರಡೂ ಪಕ್ಕ, ತಳ, ಈ ನಾಲ್ಕು ಕಡೆ ಕೂದಲೆಳೆಯಷ್ಟು ಸಂದು ಇರಬೇಕು. ಕಂಪನಿಯಿಂದ ಬಂದ ಸ್ಟಾಕಿನಲ್ಲಿ ಆ ಗೂಡು ಬೇಕಂತಲೇ ಸ್ವಲ್ಪ ದೊಡ್ಡದಿರುತ್ತದೆ, ಎಲ್ಲರ ರೈಫಲ್ಲಿಗೂ ಆಗಬೇಕಲ್ಲ. ಆದ್ದರಿಂದ ಒಂದೊಂದು ಗುಂಡಿಗೂ ಆಕ್ಷನ್ ಒಂದೊಂದು ಕಡೆ ಕೂರುತ್ತದೆ. ನಿಮ್ಮ ನಾಲ್ಕು ಇಂಚಿನಲ್ಲಿ ದೊಡ್ಡ ಪಾಲು ಇದರದ್ದೇ ಇರಬೇಕು.

ಇದಕ್ಕೆ ಪರಿಹಾರ ಬೆಡ್ಡಿಂಗ್. ಅಂದರೆ ಲಗ್‌ನ ಗೂಡಿಗೆ ಮತ್ತು ಅದರ ಹಿಂದಿನ ಸಪಾಟು ಜಾಗಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಿ, ಅದರ ಮೇಲೆ ಆಕ್ಷನ್ ಕೂರಿಸಿ, ಅದೇ ಅಚ್ಚು ಗಟ್ಟಿಯಾಗುವ ಹಾಗೆ ಬಿಡುವುದು. ಡೆವ್‌ಕಾನ್, ಮರೀನ್‌ಟೆಕ್ಸ್, ಅಕ್ರಾಗ್ಲಾಸ್, ಯಾವುದಾದರೂ ನಡೆಯುತ್ತದೆ. ಲಗ್‌ನ ಮುಂದೆ, ಪಕ್ಕ, ತಳಕ್ಕೆ ಟೇಪ್ ಅಂಟಿಸಿ. ಟೇಪಿನ ದಪ್ಪವೇ ಆಮೇಲೆ ಸಂದು ಆಗುತ್ತದೆ. ಹಿಂದಿನ ಮುಖಕ್ಕೆ ಟೇಪ್ ಬೇಡ. ಬ್ಯಾರೆಲ್ಲಿಗೆ ಮುಂದುಗಡೆ ಒಂದು ಕಡೆ ಟೇಪ್ ಸುತ್ತಿ, ಬ್ಯಾರೆಲ್ ಮರದ ಕಾಲುವೆಯ ನಡುಮಧ್ಯದಲ್ಲಿ ನಿಲ್ಲಲಿ. ಮರದೊಳಗಿನ ವಾರ್ನಿಶ್ ಕೆರೆದು ಒರಟು ಮಾಡಿ. ಆಕ್ಷನ್ನಿನ ಕಬ್ಬಿಣಕ್ಕೆ, ಸ್ಕ್ರೂಗಳ ಎಳೆಗೂ ಸೇರಿಸಿ, ಮೇಣ ಅಥವಾ ಬಣ್ಣವಿಲ್ಲದ ಶೂ ಪಾಲಿಶ್ ಎರಡು ಸಲ ಸವರಿ ಒರೆಸಿ. ತೂತು, ಸಂದು, ಟ್ರಿಗರ್ ಇರುವ ಜಾಗ, ಎಲ್ಲಕ್ಕೂ ಮಕ್ಕಳು ಆಡುವ ಜೇಡಿ ತುಂಬಿ.

ಈ ಜೇಡಿಯ ವಿಷಯದಲ್ಲಿ ನಾನು ಒಂದು ಸಲ ಎಡವಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸ್ನೇಹಿತರೊಬ್ಬರ ರೈಫಲ್. ಟ್ರಿಗರ್ ಪಿನ್ನಿನ ತೂತು ಒಂದಕ್ಕೆ ಜೇಡಿ ತುಂಬಲು ಮರೆತೆ. ಎಪಾಕ್ಸಿ ಒಳಗೆ ಹರಿದು ಕೊಕ್ಕೆಯ ಹಾಗೆ ಕಚ್ಚಿಕೊಂಡಿತು. ಮಾರನೇ ದಿನ ಆಕ್ಷನ್ ಅಲುಗಲಿಲ್ಲ. ಇಡೀ ರಾತ್ರಿ ಡೀಪ್ ಫ್ರೀಜರ್‌ನಲ್ಲಿಟ್ಟು, ಬೆಳಗ್ಗೆ ರಬ್ಬರ್ ಸುತ್ತಿಗೆಯಲ್ಲಿ ಬ್ಯಾರೆಲ್ಲಿಗೆ ತಟ್ಟಿ ತಟ್ಟಿ ಬಿಡಿಸಿದೆ. ಕಬ್ಬಿಣಕ್ಕೆ ಏನೂ ಆಗಲಿಲ್ಲ, ಆದರೆ ಮರದ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದು ಹೋಯಿತು. ಅವರ ತಂದೆ ಕೊಟ್ಟ ರೈಫಲ್ ಅದು. ಅವತ್ತಿನಿಂದ ಎಪಾಕ್ಸಿ ಕಲಸುವ ಮೊದಲು ಪ್ರತಿ ತೂತನ್ನೂ ಟಾರ್ಚ್ ಹಿಡಿದು ಎಣಿಸುತ್ತೇನೆ.

ಎಪಾಕ್ಸಿ ಹಾಕಿ ಕೂರಿಸುವಾಗ ಸ್ಕ್ರೂ ಬಿಗಿಯಬೇಡಿ. ಬಿಗಿದರೆ ಮರ ಬಗ್ಗಿದ ಸ್ಥಿತಿಯಲ್ಲೇ ಅಚ್ಚಾಗುತ್ತದೆ, ಮಾಡಿದ್ದೆಲ್ಲ ದಂಡ. ರಬ್ಬರ್ ಟ್ಯೂಬ್ ಸುತ್ತಿ ಮೆತ್ತಗೆ ಹಿಡಿದರೆ ಸಾಕು. ಅಂಚಿನಲ್ಲಿ ಉಕ್ಕಿ ಬಂದದ್ದನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ, 24 ಗಂಟೆ ಮುಟ್ಟಬೇಡಿ. ಬಿಡಿಸಿದ ಮೇಲೆ ಸ್ಕ್ರೂ ತೂತುಗಳನ್ನು ಸ್ವಲ್ಪ ದೊಡ್ಡದು ಮಾಡಿ, ಸ್ಕ್ರೂನ ಮೈ ಮರಕ್ಕೂ ಎಪಾಕ್ಸಿಗೂ ತಾಗಬಾರದು.

ಸ್ಟಾಕ್ ಬದಲಿಸಿದವರು ಮರೆಯುವ ಮೂರು ಸಂಗತಿ ಇವೆ. ಒಂದು, ಮ್ಯಾಗಜಿನ್ ಪೆಟ್ಟಿಗೆ. ಸ್ಕ್ರೂ ಬಿಗಿದ ಮೇಲೂ ಅದು ಮೇಲೆ ಕೆಳಗೆ ಚೂರು ಅಲ್ಲಾಡಬೇಕು. ಗಟ್ಟಿ ಹಿಡಿದಿದ್ದರೆ ಆಕ್ಷನ್ ಮರದ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ ಕೂತಿದೆ. ಎರಡು, ಹೊಸ ಸ್ಟಾಕಿನ ದಪ್ಪ ಬೇರೆ, ಹಾಗಾಗಿ ಹಳೆಯ ಮುಂದಿನ ಸ್ಕ್ರೂ ಉದ್ದವಾಗಿ ಒಳಗೆ ಚಾಚಿ ಬೋಲ್ಟಿನ ಮುಂತುದಿಯ (ರಿಕಾಯಿಲ್ ಲಗ್ ಅಲ್ಲ, ಬೇರೆ) ಲಗ್‌ಗೆ ತಾಗಬಹುದು. ಬೋಲ್ಟ್ ಮುಚ್ಚಲು ಕಷ್ಟವಾದರೆ ಮೊದಲು ಇದನ್ನು ನೋಡಿ. ಮೂರು, ಬೋಲ್ಟಿನ ಹಿಡಿ ಕೆಳಗೆ ಇಳಿದಾಗ ಮರಕ್ಕೆ ತಾಗಲೇಬಾರದು, ಸೇಫ್ಟಿಯೂ ಟ್ರಿಗರ್ರೂ ಎಲ್ಲೂ ಉಜ್ಜಬಾರದು. ಇದು ಗುರಿಯ ಮಾತಲ್ಲ, ಪ್ರಾಣದ ಮಾತು.

ಸೆಕೆಂಡ್ ಹ್ಯಾಂಡ್ ಅಂದಿರಿ, ಆದ್ದರಿಂದ ಇನ್ನೊಂದು. 2006ರ ಮೇ 1ರಿಂದ 2014ರ ಏಪ್ರಿಲ್ 9ರ ನಡುವೆ ತಯಾರಾದ, ಎಕ್ಸ್ ಮಾರ್ಕ್ ಪ್ರೋ ಟ್ರಿಗರ್ ಇರುವ ರೆಮಿಂಗ್ಟನ್ 700 ರೈಫಲ್‌ಗಳನ್ನು ಕಂಪನಿಯೇ 2014ರಲ್ಲಿ ವಾಪಸ್ ಕರೆಸಿತ್ತು, ಟ್ರಿಗರ್ ಒತ್ತದೆಯೇ ಗುಂಡು ಹಾರುವ ಅಪಾಯ ಇತ್ತು ಅಂತ. ನಿಮ್ಮದು ಆ ಅವಧಿಯದ್ದಾ ಅಂತ ಸೀರಿಯಲ್ ನಂಬರ್ ಹಿಡಿದು ಗನ್‌ಸ್ಮಿತ್ ಹತ್ತಿರ ಕೇಳಿ. ಅಲ್ಲಿಯವರೆಗೆ ತೋಟಾ ಹಾಕಬೇಡಿ. ಟ್ರಿಗರ್ ಒಳಗೆ ನೀವು ಕೈ ಹಾಕಬೇಡಿ.

ಕೊನೆಗೆ ಬಿಗಿತ. ಸ್ಕ್ರೂ ಹಗುರವಾಗಿ ಹಿಡಿದ ಮೇಲೆ ರೈಫಲ್ಲಿನ ಬುಡವನ್ನು ನೆಲಕ್ಕೆ ಮೆತ್ತಗೆ ಕುಕ್ಕಿ, ಲಗ್ ಹಿಂದಕ್ಕೆ ಕೂರುತ್ತದೆ. ಆಮೇಲೆ ಮುಂದಿನದ್ದು ಸ್ವಲ್ಪ, ಹಿಂದಿನದ್ದು ಸ್ವಲ್ಪ, ಹೀಗೆ ಬಿಗಿಯಿರಿ. ಒಳಗೆ ಅಲ್ಯೂಮಿನಿಯಂ ಪಿಲ್ಲರ್ (ಸ್ಕ್ರೂ ತೂರುವ ಗಟ್ಟಿ ಕೊಳವೆ) ಇಲ್ಲದ ಬರೀ ಮರಕ್ಕೆ 40 ಇಂಚ್-ಪೌಂಡ್ ಸುತ್ತಮುತ್ತ, ಪಿಲ್ಲರ್ ಇದ್ದರೆ 60-65 ತಡೆಯುತ್ತದೆ. ಸ್ಟಾಕ್ ಜೊತೆ ಬಂದ ಚೀಟಿಯಲ್ಲಿ ಬೇರೆ ಅಂಕೆ ಇದ್ದರೆ ಅದೇ ಸರಿ. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಪ್ರತಿ ಸಲ ಬೇರೆ ಬೇರೆ ಆಗುತ್ತದೆ, ಮರವೂ ನಜ್ಜಾಗುತ್ತದೆ.

ನವೆಂಬರ್ 15ರ ಬಗ್ಗೆ ನನ್ನ ಮಾತು ನೇರವಾಗಿದೆ. ಇದನ್ನೆಲ್ಲ ಮಾಡಿ, ರೇಂಜಿಗೆ ಹೋಗಿ, ಸ್ಕೋಪ್ (ಗುರಿ ಇಡುವ ದುರ್ಬೀನು) ಮತ್ತೆ ಜೀರೋ ಮಾಡಿ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿ, ತಣ್ಣಗಿನ ಬ್ಯಾರೆಲ್ಲಿನ ಮೊದಲ ಗುಂಡು ಪ್ರತಿ ಸಲ ಒಂದೇ ಕಡೆ ಬೀಳುತ್ತದೆ ಅಂತ ಖಾತ್ರಿಯಾಗುವಷ್ಟು ಸಮಯ ಇಲ್ಲದಿದ್ದರೆ ಈ ವರ್ಷ ಹಳೆಯ ಪ್ಲಾಸ್ಟಿಕ್ ಸ್ಟಾಕನ್ನೇ ಹಾಕಿ, ಅದಕ್ಕೂ ಮತ್ತೆ ಜೀರೋ ಮಾಡಿಕೊಂಡು ಹೋಗಿ. ನಾಲ್ಕು ಇಂಚು ಚದುರುವ ರೈಫಲ್ ಹಿಡಿದು ಜಿಂಕೆಗೆ ಗುರಿ ಇಡುವುದು ತಪ್ಪು. ಗಾಯವಾದ ಪ್ರಾಣಿ ಓಡಿ ಹೋಗಿ ಎಲ್ಲೋ ನರಳಿ ಸಾಯುತ್ತದೆ.

ಪ್ರಶ್ನೆ: ಲ್ಯಾಮಿನೇಟ್ ಅಂದರೆ ಪ್ಲೈವುಡ್ ತಾನೇ? ಅದಕ್ಕೆ ಯಾಕಿಷ್ಟು ದುಡ್ಡು? ಒಳ್ಳೆಯ ವಾಲ್‌ನಟ್ ಮೇಲಲ್ವಾ? (ಬೆಂಗಳೂರು)

ಪ್ಲೈವುಡ್ಡಿನ ತಮ್ಮ ಅಂತ ಹೇಳಬಹುದು, ಅದೇ ಅಲ್ಲ. ಬರ್ಚ್ ಮರವನ್ನು ಒಂದೂವರೆ ಮಿಲಿಮೀಟರ್ ಸುಮಾರಿನ ತೆಳು ಹಾಳೆಗಳಾಗಿ ಸುಲಿದು, ಬಣ್ಣದಲ್ಲಿ ಅದ್ದಿ, ರಾಳದ ಅಂಟು ಹಾಕಿ, ಬಿಸಿ ಮತ್ತು ಭಾರೀ ಒತ್ತಡದಲ್ಲಿ ಒತ್ತುತ್ತಾರೆ. ಎರಡು ಇಂಚು ದಪ್ಪದ ಹಲಗೆಗೆ ಮೂವತ್ತರ ಸುಮಾರು ಪದರ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದ್ದು ಅಡ್ಡಕ್ಕೆ. ಇಲ್ಲಿ ಬಹುಪಾಲು ಎಳೆ ಉದ್ದಕ್ಕೇ ಇರುತ್ತದೆ, ಸ್ಟಾಕಿಗೆ ಬಲ ಬೇಕಾದದ್ದು ಆ ಕಡೆಗೆ. ಒಂದು ಹಾಳೆ ತೇವಕ್ಕೆ ಸೊಟ್ಟಗಾಗಲು ನೋಡಿದರೆ ಪಕ್ಕದ್ದು ಬಿಡುವುದಿಲ್ಲ. ಹಿಮ, ಮಳೆ, ಕಾರಿನೊಳಗಿನ ಬಿಸಿ, ಇಷ್ಟೆಲ್ಲ ತಿಂದರೂ ಆಕಾರ ಬದಲಾಗುವುದು ಬಹಳ ಕಡಿಮೆ.

ಇದು ಹೊಸ ವಿದ್ಯೆಯೇನಲ್ಲ. 1930ರ ದಶಕದ ಕೊನೆಯಲ್ಲೇ ಜರ್ಮನ್ ಸೇನೆ ಮೌಸರ್ ಕೆ98ಕೆ ರೈಫಲ್‌ಗಳಿಗೆ ಪದರದ ಸ್ಟಾಕ್ ಹಾಕತೊಡಗಿತ್ತು. ವಾಲ್‌ನಟ್ ಹಲಗೆ ಒಣಗಿ ಹದಕ್ಕೆ ಬರಲು ವರ್ಷಗಳು ಬೇಕು, ಸೇನೆಗೆ ಅಷ್ಟು ಪುರುಸೊತ್ತು ಇರಲಿಲ್ಲ. ಅಮೆರಿಕದಲ್ಲಿ ಈಗ ಸೌತ್ ಡಕೋಟಾದ ಮಿಚೆಲ್ ಊರಿನ ಬಾಯ್ಡ್ಸ್ ಕಂಪನಿ ಇದಕ್ಕೆ ಹೆಸರುವಾಸಿ. ಇಂಥ ಸ್ಟಾಕುಗಳಿಗೆ ಪದರದ ಹಲಗೆ ಮಾಡುತ್ತಿದ್ದ ವರ್ಮಾಂಟ್‌ನ ರಟ್ಲಂಡ್ ಪ್ಲೈವುಡ್ ಕಾರ್ಖಾನೆ 2014ರ ಆಗಸ್ಟ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಮರದ ಕಾರ್ಖಾನೆ ಉರಿದ ಸುದ್ದಿ ಕೇಳಿದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಅಂದಕ್ಕೆ ವಾಲ್‌ನಟ್ಟೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ತೂಕವೂ ಅದರದ್ದೇ ಕಡಿಮೆ, ಇಡೀ ದಿನ ಗುಡ್ಡ ಹತ್ತುವವರಿಗೆ ಲ್ಯಾಮಿನೇಟ್ ಹೆಗಲಿಗೆ ಭಾರ ಅನ್ನಿಸುತ್ತದೆ. ಒಂದು ಕಡೆ ಕೂತು ಕಾಯುವವರಿಗೆ ಆ ಭಾರ ಒಳ್ಳೆಯದು, ಒದೆತ ಕಡಿಮೆ ಮಾಡುತ್ತದೆ. ಇನ್ನೊಂದು, ಪದರದ ಮರಕ್ಕೆ ನೀರು ಹತ್ತುವುದೇ ಇಲ್ಲ ಅಂತ ನಂಬಬೇಡಿ. ಒಳಗೆ ಕೆತ್ತಿದ ಜಾಗ, ರಬ್ಬರ್ ಪ್ಯಾಡಿನ ಅಡಿಯ ಕೊಯ್ದ ಮುಖ ಬರಿಮೈ ಇರುತ್ತವೆ. ತೆಳು ಮಾಡಿದ ಪಾಲಿಯುರೆಥೇನ್ ಎರಡು ಕೋಟು ಅಲ್ಲಿಗೂ ಹೊಡೆಯಿರಿ.

ಪ್ರಶ್ನೆ: ನನ್ನ ಎತ್ತರ 5 ಅಡಿ 2 ಇಂಚು. ಗಂಡ ತರಿಸಿದ ಲ್ಯಾಮಿನೇಟ್ ಸ್ಟಾಕ್ ನನಗೆ ಉದ್ದ, ಎತ್ತಿ ಹಿಡಿಯುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕೊಯ್ಯಬಹುದಾ? (ಟೆಕ್ಸಾಸ್)

ಖಂಡಿತ ಕೊಯ್ಯಿರಿ. ಟ್ರಿಗರ್‌ನಿಂದ ಬುಡದವರೆಗಿನ ಅಳತೆ ಕಂಪನಿಯಿಂದ ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಮೇಲೆಯೇ ಬರುತ್ತದೆ, ಅದು ಎತ್ತರದ ಗಂಡಸಿಗೆ ಮಾಡಿದ್ದು. ನಿಮ್ಮ ಮೈಗೆ ರೈಫಲ್ ಹೊಂದಬೇಕು, ರೈಫಲ್ಲಿಗೆ ನಿಮ್ಮ ಮೈ ಬಗ್ಗಿಸಬಾರದು. ಕಣ್ಣು ಮುಚ್ಚಿ ಖಾಲಿ ರೈಫಲ್ ಹೆಗಲಿಗೆ ಏರಿಸಿ, ಕೆನ್ನೆ ಇಡಿ, ಕಣ್ಣು ತೆರೆಯಿರಿ. ಮೂಗಿಗೂ ಹಿಡಿದ ಕೈಯ ಹೆಬ್ಬೆರಳಿಗೂ ನಡುವೆ ಎರಡು ಮೂರು ಬೆರಳಿನ ಜಾಗ ಇದ್ದರೆ ಸರಿ. ನೀವು ಬೇಟೆಗೆ ಹಾಕುವ ಜಾಕೆಟ್ ತೊಟ್ಟೇ ಅಳೆಯಿರಿ. ಹನ್ನೆರಡೂವರೆ ಇಂಚಿನ ಹತ್ತಿರ ಬಂದು ನಿಲ್ಲಬಹುದು, ಆದರೆ ಒಂದೇ ಸಲ ಅಷ್ಟು ಕೊಯ್ಯಬೇಡಿ, ಅರ್ಧ ಇಂಚು ಕೊಯ್ದು ಮತ್ತೆ ಹಿಡಿದು ನೋಡಿ.

ಕೊಯ್ಯುವ ಗೆರೆಯ ಸುತ್ತ ಟೇಪ್ ಬಿಗಿಯಾಗಿ ಸುತ್ತಿ ಅದರ ಮೇಲೆಯೇ ಗರಗಸ ಹಾಕಿ, ಇಲ್ಲದಿದ್ದರೆ ಬಣ್ಣದ ಪದರ ಚಕ್ಕೆ ಏಳುತ್ತದೆ. ಹಲ್ಲು ಸಣ್ಣದಿರಲಿ. ರಾಳ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ, ಅಂಟಿನ ಧೂಳು ಎದೆಗೆ ಒಳ್ಳೆಯದಲ್ಲ. ಸ್ಟಾಕ್ ಕಿರಿದಾದ ಮೇಲೆ ಸ್ಕೋಪಿಗೂ ಕಣ್ಣಿಗೂ ದೂರ ಕಡಿಮೆಯಾಗುತ್ತದೆ, ಹಾಗೇ ಬಿಟ್ಟರೆ ಗುಂಡು ಹಾರಿದಾಗ ಹುಬ್ಬಿಗೆ ಪೆಟ್ಟು ಬೀಳಬಹುದು. ಸ್ಕೋಪನ್ನು ಮುಂದಕ್ಕೆ ಸರಿಸಿಕೊಳ್ಳಿ.

ಪ್ರಶ್ನೆ: ನಮ್ಮಜ್ಜನ ಜೋಡಿ ನಳಿಗೆಯ ತೋಟಾ ಕೋವಿ. ಕೈಲ್ ಪೊಳ್ದ್ ಹಬ್ಬಕ್ಕೆ ತೆಗೆದು ಒರೆಸುವಾಗ ಹಿಡಿಯ ಕತ್ತಿನಲ್ಲಿ ಸೀಳು ಕಂಡಿತು. ಲ್ಯಾಮಿನೇಟ್ ಹಿಡಿ ಹಾಕಿಸಲೇ, ಬೀಟೆಯಲ್ಲಿ ಮಾಡಿಸಲೇ? (ಮಡಿಕೇರಿ)

ಎರಡೂ ಬೇಡ, ಮೊದಲು ಹಳೆಯದನ್ನೇ ಉಳಿಸಲು ನೋಡಿ. ಸೆಪ್ಟೆಂಬರ್‌ನಲ್ಲಿ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವ ಕೋವಿ ಅದು, ಅಜ್ಜನ ಕೈಯ ಬೆವರು ಆ ಮರದಲ್ಲಿದೆ.

ಸೀಳಿಗೆ ಹೆಚ್ಚಿನ ಸಲ ಕಾರಣ ಎಣ್ಣೆ. ನಾವು ಭಕ್ತಿಯಿಂದ ಕಬ್ಬಿಣಕ್ಕೆ ಎಣ್ಣೆ ಸುರಿದು ನಳಿಗೆ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸುತ್ತೇವೆ. ಎಣ್ಣೆ ಇಳಿದು ಇಳಿದು ಹಿಡಿಯ ಮುಂದಿನ ಮುಖಕ್ಕೆ ಹೋಗಿ ಕೂರುತ್ತದೆ, ಮರ ಕಪ್ಪಾಗಿ ಮೆತ್ತಗಾಗುತ್ತದೆ, ಒದೆತ ಬಿದ್ದ ದಿನ ಸೀಳುತ್ತದೆ. ಎಣ್ಣೆ ಸವರಿ ಚೆನ್ನಾಗಿ ಒರೆಸಿ, ನಳಿಗೆ ಕೆಳಗೆ ಮಾಡಿ ಇಡಿ. ಸೀಳಿಗೆ ಅಂಟು ಹಿಡಿಯಬೇಕಾದರೆ ಮೊದಲು ಆ ಎಣ್ಣೆಯನ್ನು ಹೀರಿ ತೆಗೆಯಬೇಕು, ಅದಕ್ಕೆ ವಾರಗಳೇ ಹಿಡಿಯಬಹುದು. ಅದು ಆಗುವ ತನಕ ಆ ಕೋವಿಯಲ್ಲಿ ಗುಂಡು ಹಾರಿಸಬೇಡಿ, ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಬೇಡ.

ಜೋಡಿ ನಳಿಗೆಗೆ ಹಿಡಿ ಮಾಡುವುದು ಬೋಲ್ಟ್ ರೈಫಲ್ಲಿಗಿಂತ ಬಹಳ ನಾಜೂಕು. ಗುಂಡು ಸಿಡಿಸುವ ಬೀಗದ ಯಂತ್ರವೆಲ್ಲ ಮರದೊಳಗೆ ಹೂತು ಕೂರಬೇಕು, ಎರಡು ಕೋವಿ ಒಂದೇ ಥರ ಇರುವುದಿಲ್ಲ. ಸಿದ್ಧ ಸ್ಟಾಕ್ ಹೊಂದುವುದು ಅಪರೂಪ. ಬೀಟೆ ಸುಂದರ, ಗಟ್ಟಿ, ಆದರೆ ವಾಲ್‌ನಟ್‌ಗಿಂತ ಬಹಳ ಭಾರ, ಕೋವಿಯ ತೂಕ ಹಿಂದಕ್ಕೆ ಎಳೆಯುತ್ತದೆ. ಅದರ ಮೈಯಲ್ಲಿ ಎಣ್ಣೆಯೂ ಇದೆ, ಅಂಟು ಪಾಲಿಶ್ ಸುಲಭಕ್ಕೆ ಹಿಡಿಯುವುದಿಲ್ಲ.

ಕಾನೂನಿನ ಮಾತೊಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನು ಹೊಂದಿದವರು) ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿನಾಯಿತಿ. ಕೋವಿ ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಊರಿನ ಬಡಗಿ ಎಷ್ಟೇ ನಿಪುಣನಾದರೂ ಅವನ ಕೈಗೆ ಕೊಡಬೇಡಿ, ಅವನಿಗೂ ತೊಂದರೆ. ಲೈಸೆನ್ಸ್ ಇರುವ ಅಂಗಡಿಗೇ ಒಯ್ದು, ರಸೀದಿ ಪಡೆಯಿರಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಬರೀ ಮರದ ಸ್ಟಾಕ್ ತಾನೇ, ಸೂಟ್‌ಕೇಸಿನಲ್ಲಿ ಮಾವನವರಿಗೆ ಒಯ್ಯಬಹುದಾ? (ನ್ಯೂಜೆರ್ಸಿ)

ಬೇಡವೇ ಬೇಡ. ನಮ್ಮ ದೇಶದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಅಂದರೆ ಅದರ ಭಾಗಗಳೂ ಸೇರುತ್ತವೆ, ಹೊರಗಿನಿಂದ ತರಲು 10ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಅಮೆರಿಕದ ರಫ್ತು ನಿಯಮಗಳಲ್ಲೂ ಬಂದೂಕಿನ ಭಾಗಗಳಿಗೆ ನಿರ್ಬಂಧವಿದೆ. ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಇದು ಬರೀ ಮರ ಅಂತ ವಾದ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ. ಮಾವನವರಿಗೆ ಏನಾದರೂ ಕೊಡಲೇಬೇಕು ಅಂದರೆ ಒಳ್ಳೆಯ ಉಳಿಯ ಸೆಟ್ ಒಂದನ್ನು ಚೆಕ್ ಇನ್ ಬ್ಯಾಗಿನಲ್ಲಿ ಹಾಕಿ ಒಯ್ಯಿರಿ. ಅಲಗಿಗೆ ದಪ್ಪ ರಟ್ಟು ಸುತ್ತಿ.